ಜನರೇಟರ್, ಇನ್ವರ್ಟರ್, ಯುಪಿಎಸ್: ಅಲೆಯ ಆಕಾರ ನೋಡಿ ಆರಿಸುವುದು ಹೇಗೆ

ಬ್ಯಾಕಪ್ ಕೊಳ್ಳುವಾಗ ಎಲ್ಲರೂ ಕೇಳುವುದು ಎರಡು ಪ್ರಶ್ನೆ: ಎಷ್ಟು ವ್ಯಾಟ್, ಎಷ್ಟು ಹೊತ್ತು. ಹೊರಬರುವ ಎಸಿಯ ಅಲೆ ಯಾವ ಆಕಾರದ್ದು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಫ್ಯಾನ್ ಗುಂಯ್ ಎನ್ನುವುದು, ಹೊಸ ಎಲ್‌ಇಡಿ ದೀಪ ಕೆಲವೇ ವಾರಗಳಲ್ಲಿ ಸುಟ್ಟುಹೋಗುವುದು, ಜನರೇಟರ್ ಓಡುತ್ತಿದ್ದರೂ ಯುಪಿಎಸ್ ಅದನ್ನು ಒಪ್ಪದೆ ತನ್ನ ಬ್ಯಾಟರಿ ಖಾಲಿ ಮಾಡಿಕೊಂಡು ಆರಿಹೋಗುವುದು, ಇಂಥ ತೊಂದರೆಗಳಿಗೆ ವ್ಯಾಟಿನ ಕೊರತೆ ಕಾರಣವಾಗಿರುವುದು ಅಪರೂಪ. ಕೆಟ್ಟಿರುವುದು ಅಲೆ.

ಆ ಅಲೆಯನ್ನು ಯಂತ್ರವೊಂದೇ ಮಾಡುವುದಿಲ್ಲ. ಯಂತ್ರ ಮತ್ತು ಲೋಡ್ (ಅದಕ್ಕೆ ಹಾಕಿದ ಉಪಕರಣಗಳು) ಎರಡೂ ಸೇರಿ ಮಾಡುತ್ತವೆ. 2 ಕಿಲೋವ್ಯಾಟ್ ಹೀಟರಿಗೆ ಅಚ್ಚುಕಟ್ಟಾದ ಅಲೆ ಕೊಡುವ ಜನರೇಟರ್, ಅಷ್ಟೇ ವ್ಯಾಟಿನ ಕಂಪ್ಯೂಟರುಗಳ ಗುಂಪಿಗೆ ನೆತ್ತಿ ಚಪ್ಪಟೆಯಾದ ಅಲೆ ಕೊಡಬಹುದು. ಆದ್ದರಿಂದ ಲೋಡುಗಳ ಪಟ್ಟಿ ಮೊದಲು, ಯಂತ್ರದ ಆಯ್ಕೆ ಆಮೇಲೆ.

ಅಲೆಯಲ್ಲಿ ಏನೇನು ನೋಡಬೇಕು

230 ವೋಲ್ಟ್ ಎಂದು ನಾವು ಹೇಳುವುದು ಆರ್‌ಎಂಎಸ್ ಲೆಕ್ಕ, ಅಂದರೆ ಹೀಟರ್ ಎಷ್ಟು ಕಾಯುತ್ತದೆ ಎಂಬುದರ ಅಳತೆ. ನುಣುಪಾಗಿ ಏರಿ ಇಳಿಯುವ ಸರಿಯಾದ ಸೈನ್ ಅಲೆಯಲ್ಲಿ ವೋಲ್ಟೇಜ್ ಪ್ರತಿ ಅರ್ಧ ಸುತ್ತಿನಲ್ಲೂ 325 ವೋಲ್ಟಿನ ನೆತ್ತಿ ಮುಟ್ಟಿ ಇಳಿಯುತ್ತದೆ. 120 ವೋಲ್ಟಿನ ಸರಬರಾಜಿನಲ್ಲಿ ಆ ನೆತ್ತಿ 170 ವೋಲ್ಟ್. ನೆತ್ತಿಗೂ ಆರ್‌ಎಂಎಸ್‌ಗೂ ಇರುವ ಅನುಪಾತ 1.414. ಇದಕ್ಕೆ ಕ್ರೆಸ್ಟ್ ಫ್ಯಾಕ್ಟರ್ ಎನ್ನುತ್ತಾರೆ. 50 ಹರ್ಟ್ಸ್ ಆದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್, 60 ಹರ್ಟ್ಸ್ ಆದರೆ 16.7.

ಆಕಾರ ಎಷ್ಟು ಕೆಟ್ಟಿದೆ ಎಂದು ಒಂದೇ ಅಂಕಿಯಲ್ಲಿ ಹೇಳುವುದು ಟಿಎಚ್‌ಡಿ. ಕೆಟ್ಟ ಅಲೆಯನ್ನು ಬಿಡಿಸಿದರೆ 50 ಹರ್ಟ್ಸಿನ ಮೂಲ ಅಲೆಯ ಜೊತೆಗೆ 150, 250, 350 ಹರ್ಟ್ಸಿನ ಹಾರ್ಮೋನಿಕ್ಕುಗಳು ಸಿಗುತ್ತವೆ. ಅವೆಲ್ಲ ಸೇರಿ ಮೂಲದ ಶೇ ಎಷ್ಟು ಎಂಬುದೇ ಈ ಅಂಕಿ. ಅಪ್ಪಟ ಚೌಕ ಅಲೆಯ ಟಿಎಚ್‌ಡಿ ಶೇ 48. ಸಾರ್ವಜನಿಕ ಸರಬರಾಜಿಗೆ ಯುರೋಪಿನ ಇಎನ್ 50160 ಮಾನದಂಡ ಇಟ್ಟಿರುವ ಮಿತಿ ಶೇ 8. ಒಳ್ಳೆಯ ಸೈನ್ ಇನ್ವರ್ಟರಿನ ಮೇಲೆ ಶೇ 3ಕ್ಕಿಂತ ಕಡಿಮೆ ಎಂದು ಬರೆದಿರುತ್ತದೆ. ಅದು ಸಾಮಾನ್ಯವಾಗಿ ಹೀಟರಿನಂಥ ಲೋಡ್ ಹಾಕಿ ಅಳೆದದ್ದು ಎಂಬುದನ್ನು ಮರೆಯಬಾರದು.

ಒಂದೇ ಅಂಕಿ ನೋಡಿ ತೀರ್ಮಾನಿಸಲು ಆಗುವುದಿಲ್ಲ, ಏಕೆಂದರೆ ಒಂದೊಂದು ಲೋಡೂ ಅಲೆಯ ಒಂದೊಂದು ಭಾಗವನ್ನು ನೆಚ್ಚಿಕೊಂಡಿದೆ. ಕೆಲವಕ್ಕೆ ನೆತ್ತಿ ಮುಖ್ಯ, ಕೆಲವಕ್ಕೆ ಏರಿಳಿತ ಎಷ್ಟು ಕಡಿದು ಎಂಬುದು, ಕೆಲವಕ್ಕೆ ಸೊನ್ನೆ ದಾಟುವ ಕ್ಷಣ, ಇನ್ನು ಕೆಲವಕ್ಕೆ ಫ್ರೀಕ್ವೆನ್ಸಿ.

ಯಾವ ಲೋಡ್ ಏನನ್ನು ಕೇಳುತ್ತದೆ

ಹೀಟರ್, ಇಸ್ತ್ರಿಪೆಟ್ಟಿಗೆ, ಹಳೆಯ ತಂತಿ ಬಲ್ಬು: ಇವಕ್ಕೆ ಆರ್‌ಎಂಎಸ್ ಸರಿಯಿದ್ದರೆ ಸಾಕು. ಆಕಾರ ಹೇಗಿದ್ದರೂ ನಡೆಯುತ್ತದೆ.

ಕಂಪ್ಯೂಟರ್, ಟಿವಿ, ಚಾರ್ಜರುಗಳಲ್ಲಿರುವ ಸ್ವಿಚಿಂಗ್ ಬಗೆಯ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಅಲೆಯ ನೆತ್ತಿಯಿಂದ ಬದುಕುತ್ತದೆ. ಎಸಿಯನ್ನು ಡಿಸಿ ಮಾಡುವ ಒಳಗಿನ ರೆಕ್ಟಿಫೈಯರ್ ದೊಡ್ಡ ಕೆಪಾಸಿಟರನ್ನು ನೆತ್ತಿಯ ಮಟ್ಟಕ್ಕೆ, ಅಂದರೆ ಸುಮಾರು 325 ವೋಲ್ಟಿಗೆ ತುಂಬುತ್ತದೆ. 230 ಆರ್‌ಎಂಎಸ್‌ನ ಚೌಕ ಅಲೆಗೆ ನೆತ್ತಿಯೂ 230 ವೋಲ್ಟೇ. ಕೆಪಾಸಿಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಉಳಿಯುವುದು ಅರ್ಧ ಮಾತ್ರ. 200 ವೋಲ್ಟಿಗೆ ಇಳಿದೊಡನೆ ನಿಂತುಬಿಡುವ ಸಪ್ಲೈ ಒಂದಿದ್ದರೆ, ಅದು ಬಳಸಬಲ್ಲ ಶಕ್ತಿ ಐದರಲ್ಲಿ ಒಂದು ಪಾಲಿಗೆ ಬಂದುಬಿಡುತ್ತದೆ. ಕರೆಂಟ್ ಹೋದಾಗ 20 ಮಿಲಿಸೆಕೆಂಡ್ ತಾಳುತ್ತಿದ್ದದ್ದು 4 ಮಿಲಿಸೆಕೆಂಡ್ ತಾಳೀತು. 100ರಿಂದ 240 ವೋಲ್ಟಿನವರೆಗೆ ನಡೆಯುವ ಸಪ್ಲೈಗಳಿಗೆ ಈ ಪೆಟ್ಟು ಅಷ್ಟಿಲ್ಲ. ಪವರ್ ಫ್ಯಾಕ್ಟರ್ ತಿದ್ದುವ ಸರ್ಕ್ಯೂಟ್ ಇರುವ ಒಳ್ಳೆಯ ಕಂಪ್ಯೂಟರ್ ಸಪ್ಲೈಗಳ ಕಷ್ಟ ಬೇರೆ. ಅವು ಅಲೆಯ ಆಕಾರವನ್ನೇ ಹಿಂಬಾಲಿಸಿ ಕರೆಂಟ್ ಎಳೆಯುವ ಬಗೆಯವು. ಅಲೆ ಸೊನ್ನೆಯಲ್ಲಿ ಕೆಲವು ಮಿಲಿಸೆಕೆಂಡ್ ಕೂತು ದಿಢೀರನೆ ಮೇಲೆದ್ದರೆ ಒಮ್ಮೆಗೇ ಭಾರಿ ಕರೆಂಟ್ ಎಳೆಯುತ್ತವೆ. ಚಿಕ್ಕ ಯುಪಿಎಸ್ ಅದನ್ನು ಓವರ್‌ಲೋಡ್ ಎಂದುಕೊಂಡು ಆರಿಹೋಗುತ್ತದೆ.

ಅತಿ ಹೆಚ್ಚು ಸಾಯುವುದು, ಅತಿ ಕಡಿಮೆ ಚರ್ಚೆಯಾಗುವುದು ಕೆಪಾಸಿಟರ್ ಡ್ರಾಪರ್ ಇರುವ ಅಗ್ಗದ ಉಪಕರಣಗಳು. ಟ್ರಾನ್ಸ್‌ಫಾರ್ಮರ್ ಇಲ್ಲದೆ, ಸರಣಿಯಲ್ಲೊಂದು ಕೆಪಾಸಿಟರ್ ಇಟ್ಟು ವೋಲ್ಟೇಜ್ ಇಳಿಸುವ ಎಲ್‌ಇಡಿ ದೀಪ, ಟೈಮರ್, ರಾತ್ರಿದೀಪ, ಸೆನ್ಸರ್ ಸ್ವಿಚ್ಚುಗಳು ಈ ಜಾತಿಯವು. 0.47 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಜೊತೆ 100 ಓಮ್ ರೆಸಿಸ್ಟರ್ ಎಂದಿಟ್ಟುಕೊಳ್ಳಿ. ಸೈನ್ ಅಲೆಯಲ್ಲಿ ಹರಿಯುವುದು 34 ಮಿಲಿಆಂಪಿಯರ್, ರೆಸಿಸ್ಟರಿನಲ್ಲಿ ಹುಟ್ಟುವ ಬಿಸಿ 0.12 ವ್ಯಾಟ್. ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುವ ಮಾಡಿಫೈಡ್ ಸೈನ್ ಅಲೆಯಲ್ಲಿ ಪ್ರತಿ ಜಿಗಿತಕ್ಕೂ ಸುಮಾರು 25 ಮಿಲಿಜೌಲ್ ಆ ರೆಸಿಸ್ಟರಿನಲ್ಲಿ ಸುಡುತ್ತದೆ. ಒಂದು ಸುತ್ತಿಗೆ ನಾಲ್ಕು ಜಿಗಿತ, ಸೆಕೆಂಡಿಗೆ 200 ಜಿಗಿತ, ಒಟ್ಟು 5 ವ್ಯಾಟ್. ಕಾಲು ಅಥವಾ ಅರ್ಧ ವ್ಯಾಟಿನ ರೆಸಿಸ್ಟರ್ ಅದನ್ನು ಹೇಗೆ ತಾಳೀತು? ಮೀಟರ್ 230 ವೋಲ್ಟ್ ಸರಿಯಾಗಿ ತೋರಿಸುತ್ತಿದ್ದರೂ ದೀಪ ಸುಟ್ಟದ್ದೇಕೆ ಎಂಬುದಕ್ಕೆ ಇದೇ ಉತ್ತರ.

ಡಿಮ್ಮರ್, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಲೇಸರ್ ಪ್ರಿಂಟರಿನ ಬಿಸಿ ರೋಲರ್ ಇವೆಲ್ಲ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಬಳಸುತ್ತವೆ. ಅಲೆ ಸೊನ್ನೆ ದಾಟಿದ್ದನ್ನು ಗುರುತಿಸಿ, ಅಲ್ಲಿಂದ ಇಷ್ಟು ಹೊತ್ತಿಗೆ ಎಂದು ಎಣಿಸಿ ಆನ್ ಆಗುತ್ತವೆ. ಅಲೆ ಸೊನ್ನೆಯ ಬಳಿ ನಡುಗುತ್ತಾ ಎರಡು ಮೂರು ಸಲ ದಾಟಿದರೆ ಎಣಿಕೆ ತಪ್ಪುತ್ತದೆ, ದೀಪ ಮಿಣುಕುತ್ತದೆ, ಫ್ಯಾನ್ ತಡವರಿಸುತ್ತದೆ. ಹಾಗೆ ದಾಟುವುದನ್ನು ಎಣಿಸುವ ಡಿಜಿಟಲ್ ಗಡಿಯಾರಗಳು ಮುಂದೋಡುತ್ತವೆ. ಅಲೆ ಶುದ್ಧವಿದ್ದು ಫ್ರೀಕ್ವೆನ್ಸಿ 52 ಹರ್ಟ್ಸ್ ಇದ್ದರೂ ಅಂಥ ಗಡಿಯಾರ ಗಂಟೆಗೆ 2.4 ನಿಮಿಷ ಮುಂದೆ ಹೋಗುತ್ತದೆ.

ಮೋಟಾರಿಗೆ ಹಾರ್ಮೋನಿಕ್ಕುಗಳಿಂದ ತಿರುಗುವ ಬಲ ಸಿಗುವುದಿಲ್ಲ, ಬಿಸಿ ಮತ್ತು ಸದ್ದು ಸಿಗುತ್ತವೆ. ಮೂರು ಫೇಸಿನ ಮೋಟಾರಿನಲ್ಲಿ 5ನೇ ಹಾರ್ಮೋನಿಕ್ ಹಿಮ್ಮುಖವಾಗಿ ತಿರುಗಿಸಲು ನೋಡುತ್ತದೆ. ಕೆಪಾಸಿಟರ್ ಇರುವ ಫ್ಯಾನ್, ಪಂಪುಗಳಲ್ಲಿ ಕಡಿದಾದ ಅಂಚುಗಳು ಕೆಪಾಸಿಟರಿಗೂ ಪೆಟ್ಟು ಕೊಡುತ್ತವೆ. ಮುಚ್ಚಿದ ಕವಚದಲ್ಲಿ ದಿನವಿಡೀ ಓಡುವ ಫ್ರಿಜ್ ಕಂಪ್ರೆಸರಿಗೆ ಕೆಟ್ಟ ಅಲೆ ಹಾಕುವುದನ್ನು ನಾವು ಯಾರಿಗೂ ಸೂಚಿಸುವುದಿಲ್ಲ. ಆಡಿಯೋ ಉಪಕರಣಗಳ ಕಥೆ ಬೇಗ ಮುಗಿಯುತ್ತದೆ: 150, 250 ಹರ್ಟ್ಸಿನ ಗುಂಯ್‌ಗಾಟ ಸ್ಪೀಕರಿನಲ್ಲೇ ಕೇಳಿಸುತ್ತದೆ. ಉಸಿರಾಟದ ಯಂತ್ರ, ಆಕ್ಸಿಜನ್ ಕಾನ್‌ಸೆಂಟ್ರೇಟರಿನಂಥ ವೈದ್ಯಕೀಯ ಉಪಕರಣಗಳಿಗೆ ಶುದ್ಧ ಸೈನ್ ಬಿಟ್ಟು ಬೇರೇನನ್ನೂ ಯೋಚಿಸಬೇಡಿ.

ಬ್ಯಾಟರಿ ಇನ್ವರ್ಟರ್: ಹೆಸರು ನೋಡಿ ಮೋಸಹೋಗಬೇಡಿ

ಚೌಕ ಅಲೆಯ ಇನ್ವರ್ಟರಿನಲ್ಲಿ ವೋಲ್ಟೇಜ್ ಮೇಲೆ ಅಥವಾ ಕೆಳಗೆ, ನಡುವೆ ನಿಲುಗಡೆಯೇ ಇಲ್ಲ. ದೀಪಕ್ಕೂ ಹೀಟರಿಗೂ ಸರಿ. ಇಂದು ಹೊಸದಾಗಿ ಕೊಳ್ಳಲು ಯಾವ ಕಾರಣವೂ ಕಾಣುವುದಿಲ್ಲ.

ಮಾಡಿಫೈಡ್ ಸೈನ್ ಎಂಬುದು ಸೈನ್ ಅಲೆಯೇ ಅಲ್ಲ. ನಡುವೆ ಸೊನ್ನೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುವ ಚೌಕ ಅಲೆ ಅದು. ಆ ನಿಲುಗಡೆಯಿಂದ ಒಂದು ಲಾಭವಿದೆ. 10 ಮಿಲಿಸೆಕೆಂಡಿನ ಅರ್ಧ ಸುತ್ತಿನಲ್ಲಿ 5 ಮಿಲಿಸೆಕೆಂಡ್ ಮಾತ್ರ 325 ವೋಲ್ಟ್ ಕೊಟ್ಟರೆ ಆರ್‌ಎಂಎಸ್ 230 ಆಗುತ್ತದೆ, ನೆತ್ತಿಯೂ 325 ಉಳಿಯುತ್ತದೆ. ಎಸ್‌ಎಂಪಿಎಸ್ ಸಂತೋಷವಾಗಿರುತ್ತದೆ. ಟಿಎಚ್‌ಡಿ ಮಾತ್ರ ಚೌಕ ಅಲೆಯಷ್ಟೇ, ಶೇ 48. ಬ್ಯಾಟರಿ ಇಳಿಯುತ್ತಾ ಬಂದಂತೆ ನೆತ್ತಿ ತಗ್ಗುತ್ತದೆ, ಆರ್‌ಎಂಎಸ್ ಉಳಿಸಿಕೊಳ್ಳಲು ಯಂತ್ರ ಪಲ್ಸನ್ನು ಅಗಲಿಸುತ್ತದೆ. ಅಗಲ 6.7 ಮಿಲಿಸೆಕೆಂಡಿಗೆ ಬಂದಾಗ 3ನೇ ಹಾರ್ಮೋನಿಕ್ ಪೂರ್ತಿ ಮಾಯವಾಗಿ ಟಿಎಚ್‌ಡಿ ಶೇ 31ಕ್ಕೆ ಇಳಿಯುತ್ತದೆ, ಆದರೆ ನೆತ್ತಿ 282 ವೋಲ್ಟಿಗೆ ಬಂದಿರುತ್ತದೆ. ಟಿಎಚ್‌ಡಿ ಸುಧಾರಿಸಿತು, ಎಸ್‌ಎಂಪಿಎಸ್‌ಗೆ ಸಿಗುವುದು ಕಡಿಮೆಯಾಯಿತು. ಒಂದೇ ಅಂಕಿಯನ್ನು ನಂಬಬಾರದು ಎಂದದ್ದು ಇದಕ್ಕೇ.

ಶುದ್ಧ ಸೈನ್ ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಆಗುವ ಪಲ್ಸುಗಳಿಂದ ಅಲೆಯನ್ನು ಕಟ್ಟಿ, ಕಾಯಿಲ್ ಮತ್ತು ಕೆಪಾಸಿಟರಿನ ಫಿಲ್ಟರಿನಿಂದ ನುಣುಪು ಮಾಡುತ್ತದೆ. ಇದರಲ್ಲೂ ಎರಡು ಬಗೆ. ಭಾರವಾದ 50 ಹರ್ಟ್ಸ್ ಟ್ರಾನ್ಸ್‌ಫಾರ್ಮರ್ ಇರುವುದು ಒಂದು: ತೂಕ ಹೆಚ್ಚು, ಸುಮ್ಮನಿದ್ದಾಗ ಎಳೆಯುವ ಕರೆಂಟೂ ಹೆಚ್ಚು, ಆದರೆ ಮೋಟಾರ್ ಹೊರಡುವಾಗ ಕೆಲವು ಸೆಕೆಂಡ್ ಎರಡು ಮೂರು ಪಟ್ಟು ಕೊಡಬಲ್ಲದು. ಹಗುರವಾದ ಹೈ ಫ್ರೀಕ್ವೆನ್ಸಿ ಬಗೆಯದು ಇನ್ನೊಂದು: ಅಲೆ ಅಷ್ಟೇ ಚೆನ್ನ, ಆದರೆ ದಿಢೀರ್ ಲೋಡಿಗೆ ಬೇಗ ಕೈಚೆಲ್ಲುತ್ತದೆ. ಕಂಪ್ರೆಸರ್, ಪಂಪ್ ಇದ್ದರೆ ಮೊದಲನೆಯದು. ಕಂಪ್ಯೂಟರ್, ದೀಪ, ರೂಟರ್ ಮಾತ್ರವಾದರೆ ಎರಡನೆಯದು ಸಾಕು.

ಶುದ್ಧ ಸೈನ್ ಎಂದು ಬರೆದ ಇನ್ವರ್ಟರಿನ ಅಲೆಯೂ ಎರಡು ಕಾರಣಕ್ಕೆ ಕೆಡುತ್ತದೆ. ಒಂದು, ಬ್ಯಾಟರಿಯ ಕೇಬಲ್. 12 ವೋಲ್ಟಿನಿಂದ 1000 ವ್ಯಾಟ್ ತೆಗೆಯಲು, ಶೇ 85 ದಕ್ಷತೆ ಇದ್ದರೂ, ಸುಮಾರು 98 ಆಂಪಿಯರ್ ಬೇಕು. ತೆಳು ಕೇಬಲ್ ಮತ್ತು ಸಡಿಲ ಲಗ್ ಸೇರಿ 5 ಮಿಲಿಓಮ್ ಇದ್ದರೂ ಅರ್ಧ ವೋಲ್ಟ್ ಅಲ್ಲೇ ಹೋಗುತ್ತದೆ. ಒಳಗೆ ಸಾಕಷ್ಟು ಡಿಸಿ ಸಿಗದೆ ಟ್ರಾನ್ಸ್‌ಫಾರ್ಮರ್ ಬಗೆಯ ಇನ್ವರ್ಟರ್ ನೆತ್ತಿಯನ್ನು ಕತ್ತರಿಸುತ್ತದೆ. ಎರಡು, ಲೋಡಿನ ಚೂಪು ಕರೆಂಟ್. ಪವರ್ ಫ್ಯಾಕ್ಟರ್ ತಿದ್ದದ ಎಸ್‌ಎಂಪಿಎಸ್ ತನ್ನ ಆರ್‌ಎಂಎಸ್‌ನ ಎರಡೂವರೆಯಿಂದ ಮೂರು ಪಟ್ಟು ಕರೆಂಟನ್ನು ನೆತ್ತಿಯ ಹತ್ತಿರದ ಚಿಕ್ಕ ಹೊತ್ತಿನಲ್ಲಿ ಎಳೆಯುತ್ತದೆ. 500 ವ್ಯಾಟಿನ ಇನ್ವರ್ಟರ್ ಮೇಲೆ 450 ವ್ಯಾಟಿನ ಇಂಥ ಲೋಡ್ ಹಾಕಿದರೆ ವ್ಯಾಟ್ ಲೆಕ್ಕ ಸರಿಬಂದರೂ ಅಲೆ ಚಪ್ಪಟೆಯಾಗುತ್ತದೆ. ಕ್ರೆಸ್ಟ್ ಫ್ಯಾಕ್ಟರ್ 3:1 ಎಂದು ವಿವರಪಟ್ಟಿಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ವಿಎ (ವೋಲ್ಟ್ ಗುಣಿಸು ಆಂಪಿಯರ್) ಲೆಕ್ಕದಲ್ಲಿ ಮೂರನೇ ಒಂದು ಭಾಗವಾದರೂ ಖಾಲಿ ಬಿಡಿ.

ಜನರೇಟರುಗಳು

ಚಿಕ್ಕ ಪೆಟ್ರೋಲ್ ಜನರೇಟರಿನಲ್ಲಿ ಎಂಜಿನ್ ವೇಗವೇ ಫ್ರೀಕ್ವೆನ್ಸಿ: ಎರಡು ಪೋಲಿನದು 3000 ಸುತ್ತಿಗೆ 50 ಹರ್ಟ್ಸ್, 3600ಕ್ಕೆ 60. ಎಂಜಿನ್ ವೇಗ ನಿಯಂತ್ರಿಸುವ ಯಾಂತ್ರಿಕ ಗವರ್ನರ್ ಲೋಡ್ ಬಂದಂತೆ ವೇಗ ಬಿಡುವುದರಿಂದ, ಲೋಡ್ ಇಲ್ಲದಾಗ 52 ಹರ್ಟ್ಸ್ ಸುಮಾರಿಗೆ ಹೊಂದಿಸಿಡುತ್ತಾರೆ. ವೋಲ್ಟೇಜ್ ಹಿಡಿಯುವುದರಲ್ಲಿ ಎರಡು ದಾರಿ. ಕೆಪಾಸಿಟರ್ ಬಗೆಯದರಲ್ಲಿ ಎವಿಆರ್ (ವೋಲ್ಟೇಜನ್ನು ತಾನಾಗಿ ಹಿಡಿದಿಡುವ ಸರ್ಕ್ಯೂಟ್) ಇಲ್ಲ. ಸಹಾಯಕ ಸುರುಳಿಗೆ ಹಾಕಿದ ಕೆಪಾಸಿಟರ್ ಮತ್ತು ಕಬ್ಬಿಣದ ಕೋರ್ ತುಂಬಿಕೊಳ್ಳುವ ಗುಣ, ಇವೆರಡರಿಂದಲೇ ವೋಲ್ಟೇಜ್ ನಿಲ್ಲುತ್ತದೆ. ಸರಳ, ಗಟ್ಟಿ, ರಿಪೇರಿ ಸುಲಭ. ಆದರೆ ವೇಗ ಸ್ವಲ್ಪ ಏರಿದರೂ ವೋಲ್ಟೇಜ್ ಹೆಚ್ಚು ಏರುತ್ತದೆ. ಎವಿಆರ್ ಬಗೆಯದು ವೋಲ್ಟೇಜನ್ನು ಚೆನ್ನಾಗಿ ಹಿಡಿಯುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ: ಎವಿಆರ್ ಇದ್ದರೆ ಅಲೆ ಶುದ್ಧ ಎಂದು. ಎವಿಆರ್ ಅಲೆಯ ಎತ್ತರವನ್ನು ತಿದ್ದುತ್ತದೆ, ಆಕಾರವನ್ನಲ್ಲ. ಆಕಾರ ಬರುವುದು ತಾಮ್ರದ ಸುರುಳಿಯ ಹಂಚಿಕೆ, ಸ್ಲಾಟುಗಳ ಓರೆ, ರೋಟರಿನ ಡ್ಯಾಂಪರ್ ಪಟ್ಟಿಗಳಿಂದ. ಅಗ್ಗದ ಯಂತ್ರದಲ್ಲಿ ಉಳಿತಾಯ ಮಾಡುವುದು ಅಲ್ಲೇ. ಟಿಎಚ್‌ಡಿ ಶೇ 10 ದಾಟುವುದು ಇಂಥವುಗಳಲ್ಲಿ ಸಾಮಾನ್ಯ, ಶೇ 20ರ ಹತ್ತಿರ ಹೋಗುವುದೂ ಉಂಟು.

ಇನ್ವರ್ಟರ್ ಜನರೇಟರಿನಲ್ಲಿ ಎಂಜಿನ್ ಬಹುಪೋಲಿನ ಆಲ್ಟರ್ನೇಟರನ್ನು (ಎಸಿ ಹುಟ್ಟಿಸುವ ಭಾಗವನ್ನು) ತಿರುಗಿಸುತ್ತದೆ, ಬಂದದ್ದೆಲ್ಲ ಡಿಸಿ ಆಗುತ್ತದೆ, ಎಲೆಕ್ಟ್ರಾನಿಕ್ಸ್ ಅದರಿಂದ ಹೊಸ ಅಲೆ ಕಟ್ಟುತ್ತದೆ. ಎಂಜಿನ್ ವೇಗ ಏನೇ ಇರಲಿ, ಫ್ರೀಕ್ವೆನ್ಸಿ ಕದಲುವುದಿಲ್ಲ. ಮನೆಯ ಸೂಕ್ಷ್ಮ ಉಪಕರಣಗಳಿಗೆ, ಧ್ವನಿ ವ್ಯವಸ್ಥೆಗೆ, ಯುಪಿಎಸ್ ಮುಂದೆ ಇಡಲು ನಮ್ಮ ಮೊದಲ ಆಯ್ಕೆ ಇದೇ. ಕೊರತೆಗಳೂ ಇವೆ. ಮಿತವ್ಯಯದ ಮೋಡಿನಲ್ಲಿ ಎಂಜಿನ್ ನಿಧಾನವಾಗಿರುವಾಗ ಕಂಪ್ರೆಸರ್ ಹೊರಟರೆ ವೇಗ ಏರುವಷ್ಟರಲ್ಲಿ ವೋಲ್ಟೇಜ್ ಕುಸಿಯುತ್ತದೆ. ಫ್ರಿಜ್, ಪಂಪ್ ಹಾಕುವ ಮುನ್ನ ಆ ಮೋಡಿನ ಸ್ವಿಚ್ ಆಫ್ ಮಾಡಿಡಿ. ಕಂಪ್ರೆಸರ್ ಹೊರಡುವಾಗ ಎಳೆಯುವುದು ಓಡುವಾಗಿನ ಐದಾರು ಪಟ್ಟು, ಎಲೆಕ್ಟ್ರಾನಿಕ್ಸ್ ಅಷ್ಟಕ್ಕೆ ಟ್ರಿಪ್ ಆಗುತ್ತದೆ. ಅದೇ ಗಾತ್ರದ ಹಳೆಯ ಬಗೆಯ ಜನರೇಟರ್ ಒಮ್ಮೆ ಮುಕ್ಕಿರಿದು ಎಳೆದುಬಿಡುತ್ತದೆ. ಬೋರ್ಡ್ ಕೆಟ್ಟರೆ ಸಾಮಾನ್ಯವಾಗಿ ಇಡೀ ಬೋರ್ಡನ್ನೇ ಬದಲಿಸಬೇಕು.

ದೊಡ್ಡ ಡೀಸೆಲ್ ಸೆಟ್ಟಿನಲ್ಲಿ ಆಲ್ಟರ್ನೇಟರನ್ನು ಪ್ರತ್ಯೇಕ ಆರಿಸುವ ಅವಕಾಶವಿದೆ. ಅದನ್ನು ಬಿಟ್ಟುಕೊಡಬೇಡಿ. ಮೂರನೇ ಎರಡು ಪಿಚ್‌ನ ಸುರುಳಿ (ಪೋಲಿನ ಅಗಲದ ಮೂರನೇ ಎರಡು ಭಾಗವನ್ನಷ್ಟೇ ಆವರಿಸುವ ಸುರುಳಿ) ಇದ್ದರೆ 3ನೇ ಹಾರ್ಮೋನಿಕ್ ಹುಟ್ಟುವುದಿಲ್ಲ. ಎವಿಆರ್‌ಗೆ ಪ್ರತ್ಯೇಕ ಪರ್ಮನೆಂಟ್ ಮ್ಯಾಗ್ನೆಟ್ ಎಕ್ಸೈಟರ್ ಇದ್ದರೆ, ಹೊರಗಿನ ಅಲೆ ಕೆಟ್ಟಾಗಲೂ ಎವಿಆರ್‌ಗೆ ಸಿಗುವ ಶಕ್ತಿ ಕೆಡುವುದಿಲ್ಲ. ಒಳ್ಳೆಯ ಆಲ್ಟರ್ನೇಟರುಗಳು ಹೀಟರಿನಂಥ ಲೋಡಿನಲ್ಲಿ ಶೇ 5ರೊಳಗೆ ಇರುತ್ತವೆ. ಸೆಟ್ಟಿನ ನಡತೆಗೆ ಐಎಸ್‌ಒ 8528ರಲ್ಲಿ ಜಿ1ರಿಂದ ಜಿ4ರವರೆಗೆ ದರ್ಜೆಗಳಿವೆ. ಲೋಡ್ ಬಂದಾಗ ಫ್ರೀಕ್ವೆನ್ಸಿ ಇಳಿಯುವುದಕ್ಕೆ ಜಿ1ರಲ್ಲಿ ಶೇ 8, ಜಿ2ರಲ್ಲಿ ಶೇ 5, ಜಿ3ರಲ್ಲಿ ಶೇ 3 ಮಿತಿ. ಸ್ಥಿರ ವೋಲ್ಟೇಜಿನ ವ್ಯತ್ಯಾಸಕ್ಕೆ ಕ್ರಮವಾಗಿ ಶೇ 5, 2.5 ಮತ್ತು 1. ದೀಪ ಮತ್ತು ಹೀಟರಿಗೆ ಜಿ1, ಸಾಮಾನ್ಯ ಕಟ್ಟಡಕ್ಕೆ ಜಿ2, ಯುಪಿಎಸ್ ಮತ್ತು ಸಂವಹನ ಉಪಕರಣಗಳಿಗೆ ಜಿ3.

ಯುಪಿಎಸ್: ಹೆಸರಿನ ಹಿಂದಿನ ಅಕ್ಷರಗಳು

ಆಫ್‌ಲೈನ್ ಯುಪಿಎಸ್ ಕರೆಂಟ್ ಇರುವಾಗ ಬಂದದ್ದನ್ನು ಬಂದ ಹಾಗೇ ಕಳಿಸುತ್ತದೆ. ಲೈನ್ ಇಂಟರ‍್ಯಾಕ್ಟಿವ್ ಎತ್ತರವನ್ನು ಮಾತ್ರ ಸರಿಪಡಿಸುತ್ತದೆ. ಕೆಟ್ಟ ಜನರೇಟರಿನ ಮುಂದೆ ಇವೆರಡನ್ನೂ ಇಟ್ಟರೆ ಕೆಟ್ಟ ಅಲೆಯೇ ಉಪಕರಣ ತಲುಪುತ್ತದೆ. ಆನ್‌ಲೈನ್ ಬಗೆಯದು ಎಲ್ಲವನ್ನೂ ಡಿಸಿ ಮಾಡಿ ಮತ್ತೆ ಅಲೆ ಕಟ್ಟುವುದರಿಂದ ಹಿಂದಿನ ಕೊಳೆ ಮುಂದೆ ಹೋಗುವುದಿಲ್ಲ, ಬದಲಾವಣೆಯ ಹೊತ್ತೂ ಸೊನ್ನೆ. ಆಫ್‌ಲೈನ್‌ಗೆ 4ರಿಂದ 10 ಮಿಲಿಸೆಕೆಂಡ್ ಬೇಕು. ನೆತ್ತಿ ಚಪ್ಪಟೆಯಾದ ಅಲೆಯಿಂದ ತಾಳಿಕೆ ಕುಗ್ಗಿದ ಕಂಪ್ಯೂಟರ್ ಸಪ್ಲೈಗೆ ಆ 10 ಮಿಲಿಸೆಕೆಂಡೂ ಹೆಚ್ಚಾಗಬಹುದು.

ಐಇಸಿ 62040-3 ಮಾನದಂಡ ಕೊಡುವ ಗುರುತನ್ನು ಓದಲು ಕಲಿತರೆ ಜಾಹೀರಾತಿನ ಮಾತು ಬೇಕಾಗುವುದಿಲ್ಲ. ವಿಎಫ್‌ಡಿ ಎಂದರೆ ಆಫ್‌ಲೈನ್, ವಿಐ ಎಂದರೆ ಲೈನ್ ಇಂಟರ‍್ಯಾಕ್ಟಿವ್, ವಿಎಫ್‌ಐ ಎಂದರೆ ಆನ್‌ಲೈನ್. ಅದರ ಮುಂದಿನ ಎರಡು ಅಕ್ಷರಗಳೇ ಅಲೆಯ ಆಕಾರ: ಮೊದಲನೆಯದು ಕರೆಂಟ್ ಇರುವಾಗ, ಎರಡನೆಯದು ಬ್ಯಾಟರಿಯಲ್ಲಿ. ಎಸ್ ಎಂದಿದ್ದರೆ ಎಸ್‌ಎಂಪಿಎಸ್‌ನಂಥ ಲೋಡಿನಲ್ಲೂ ಶೇ 8ರೊಳಗಿನ ಸೈನ್. ಎಕ್ಸ್ ಎಂದಿದ್ದರೆ ಹೀಟರಿನಂಥ ಲೋಡಿಗೆ ಮಾತ್ರ ಸೈನ್. ವೈ ಎಂದಿದ್ದರೆ ಸೈನ್ ಅಲ್ಲ. ವಿಎಫ್‌ಐ-ಎಸ್‌ಎಸ್-111 ಎಂದು ಬರೆದಿದ್ದರೆ ಎರಡೂ ಸ್ಥಿತಿಯಲ್ಲಿ ಒಳ್ಳೆಯ ಅಲೆ, ಕೊನೆಯ ಮೂರು ಅಂಕಿಗಳು ದಿಢೀರ್ ಬದಲಾವಣೆಗೆ ಅದು ತೋರುವ ಸ್ಥಿರತೆ. ಮೇಜಿನ ಪಕ್ಕದ ಅಗ್ಗದ ಯುಪಿಎಸ್‌ಗಳಲ್ಲಿ ಹೆಚ್ಚಿನವು ಬ್ಯಾಟರಿಗೆ ಹೋದೊಡನೆ ವೈ ಆಗುತ್ತವೆ.

ಜನರೇಟರ್ ಮತ್ತು ಯುಪಿಎಸ್ ಜಗಳ

ಎರಡೂ ಪ್ರತ್ಯೇಕವಾಗಿ ಸರಿಯಾಗಿಯೇ ಇದ್ದು, ಕೂಡಿಸಿದಾಗ ಕೆಡುವ ಜೋಡಿ ಇದು. ಕಾರಣ ಲೆಕ್ಕ ಹಾಕಿದರೆ ತಿಳಿಯುತ್ತದೆ. 100 ಕೆವಿಎ ಆಲ್ಟರ್ನೇಟರ್, ಅದರ ಸಬ್‌ಟ್ರಾನ್ಸಿಯೆಂಟ್ ರಿಯಾಕ್ಟೆನ್ಸ್ (ದಿಢೀರ್ ಬದಲಾಗುವ ಕರೆಂಟಿಗೆ ಅದರ ಸುರುಳಿ ಒಡ್ಡುವ ತಡೆ) ಶೇ 12 ಎಂದುಕೊಳ್ಳಿ. ಅದರ ಮೇಲೆ 50 ಕೆವಿಎ ಎಳೆಯುವ, ಹಳೆಯ ಆರು ಪಲ್ಸ್ ರೆಕ್ಟಿಫೈಯರಿನ ಯುಪಿಎಸ್. ಅಂಥ ರೆಕ್ಟಿಫೈಯರ್ ತನ್ನ ಕರೆಂಟಿನ ಶೇ 20ರಷ್ಟು 5ನೇ ಹಾರ್ಮೋನಿಕ್ ಎಳೆಯುತ್ತದೆ, ಅಂದರೆ ಆಲ್ಟರ್ನೇಟರಿನ ಲೆಕ್ಕದಲ್ಲಿ ಶೇ 10. ರಿಯಾಕ್ಟೆನ್ಸ್ 5ನೇ ಹಾರ್ಮೋನಿಕ್ಕಿಗೆ ಐದು ಪಟ್ಟು. 5ನ್ನು ಶೇ 12ರಿಂದ, ಮತ್ತೆ ಶೇ 10ರಿಂದ ಗುಣಿಸಿದರೆ ವೋಲ್ಟೇಜಿನಲ್ಲಿ ಶೇ 6 ಕೊಳೆ. 7ನೆಯದು ಇನ್ನೂ ಸುಮಾರು ಶೇ 6. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಒಟ್ಟು ಶೇ 8.4. ಇದೇ ಯುಪಿಎಸ್ಸನ್ನು ಶೇ 5 ಇಂಪೀಡೆನ್ಸಿನ 500 ಕೆವಿಎ ಟ್ರಾನ್ಸ್‌ಫಾರ್ಮರಿಗೆ ಹಾಕಿದರೆ 5ನೆಯದು ಶೇ 0.5 ಮಾತ್ರ. ಮೇನ್ಸಿನಲ್ಲಿ ಸುಮ್ಮನಿದ್ದದ್ದು ಜನರೇಟರಿನಲ್ಲಿ ಕೂಗುವುದು ಇದಕ್ಕೇ.

ಇದಕ್ಕೆ ಹಲವರು ಜನರೇಟರನ್ನೇ ಎರಡು ಪಟ್ಟು ದೊಡ್ಡದು ತರುತ್ತಾರೆ. ಅಲೆ ಸರಿಹೋಗುತ್ತದೆ, ಆದರೆ ಡೀಸೆಲ್ ಎಂಜಿನ್ ಬಹುಕಾಲ ಶೇ 30ಕ್ಕಿಂತ ಕಡಿಮೆ ಲೋಡಿನಲ್ಲಿ ಓಡಿದರೆ ಅರೆಬೆಂದ ಇಂಧನ ಸೈಲೆನ್ಸರಿನಲ್ಲಿ ಮಸಿಯಾಗಿ ಕೂರುತ್ತದೆ. ಎಂಜಿನ್ ಅಷ್ಟೇ ಇಟ್ಟು ಆಲ್ಟರ್ನೇಟರನ್ನು ಮಾತ್ರ ಒಂದೆರಡು ಗಾತ್ರ ದೊಡ್ಡದು ಹಾಕಿಸುವುದು ಜಾಣತನ. ಲೆಕ್ಕದಲ್ಲಿ ಕೆಲಸ ಮಾಡುವುದು ರಿಯಾಕ್ಟೆನ್ಸ್, ಕುದುರೆ ಶಕ್ತಿಯಲ್ಲ. ಇನ್ನೂ ಒಳ್ಳೆಯದು ಯುಪಿಎಸ್ಸನ್ನೇ ಐಜಿಬಿಟಿ (ವೇಗವಾಗಿ ಸ್ವಿಚ್ ಆಗುವ ಟ್ರಾನ್ಸಿಸ್ಟರ್) ರೆಕ್ಟಿಫೈಯರಿನದು ಕೊಳ್ಳುವುದು. ಆರು ಪಲ್ಸಿನದರ ಕರೆಂಟ್ ಟಿಎಚ್‌ಡಿ ಶೇ 30ರ ಸುಮಾರಿಗೆ, ಹನ್ನೆರಡು ಪಲ್ಸಿನದು ಶೇ 10ರ ಸುಮಾರಿಗೆ ಇದ್ದರೆ ಇದು ಶೇ 5ರೊಳಗೆ.

ಯುಪಿಎಸ್ ಜನರೇಟರನ್ನು ಒಪ್ಪದೆ ಬ್ಯಾಟರಿಗೂ ಮೇನ್ಸಿಗೂ ನಡುವೆ ಟಕ್ ಟಕ್ ಎಂದು ಆಡುತ್ತಿದ್ದರೆ ಈ ಕ್ರಮದಲ್ಲಿ ನೋಡಿ:

1. ಲೋಡ್ ಸಹಿತ ಫ್ರೀಕ್ವೆನ್ಸಿ ಅಳೆಯಿರಿ. ಅದು ಸಮನಾಗಿ ನಿಲ್ಲದೆ ಏರಿಳಿಯುತ್ತಿದ್ದರೆ ಮೊದಲು ಗವರ್ನರ್, ಇಂಧನ ಫಿಲ್ಟರ್, ಕಾರ್ಬ್ಯುರೇಟರ್ ಸರಿಪಡಿಸಿ. ಯುಪಿಎಸ್ ಸೆಟ್ಟಿಂಗಿಗೆ ಆಮೇಲೆ ಕೈ ಹಾಕಿ.
2. ಯುಪಿಎಸ್‌ನ ಸೂಕ್ಷ್ಮತೆಯನ್ನು ಕಡಿಮೆ ಎಂದು ಬದಲಿಸಿ, ಅದು ಒಪ್ಪುವ ಫ್ರೀಕ್ವೆನ್ಸಿಯ ಮಿತಿಗಳನ್ನು ಅಗಲಿಸಿ. ಆನ್‌ಲೈನ್ ಯುಪಿಎಸ್‌ನಲ್ಲಿ ಇದರಿಂದ ಹೊರಗಿನ ಅಲೆಗೆ ತೊಂದರೆಯಿಲ್ಲ. ಆಫ್‌ಲೈನ್‌ನಲ್ಲಿ ಕೆಟ್ಟದ್ದನ್ನು ಒಳಬಿಟ್ಟಂತಾಗುತ್ತದೆ.
3. ಬ್ಯಾಟರಿ ಚಾರ್ಜ್ ಕರೆಂಟನ್ನು ತಗ್ಗಿಸಿ. ಜನರೇಟರ್ ಓಡುತ್ತಿದೆ ಎಂಬ ಸಂಕೇತ ಪಡೆಯುವ ಸೌಲಭ್ಯ ಇದ್ದರೆ ಆ ಹೊತ್ತಿನಲ್ಲಿ ಚಾರ್ಜಿಂಗ್ ನಿಲ್ಲುವಂತೆ ಜೋಡಿಸಿ.
4. ಯುಪಿಎಸ್ 10ರಿಂದ 30 ಸೆಕೆಂಡಿನಲ್ಲಿ ನಿಧಾನವಾಗಿ ಲೋಡ್ ಎತ್ತಿಕೊಳ್ಳುವಂತೆ ಹೊಂದಿಸಿ, ಬೇರೆ ದೊಡ್ಡ ಮೋಟಾರುಗಳಿಗೆ ಬೇರೆ ಸಮಯ ಕೊಡಿ.
5. ಹಗುರ ಲೋಡಿನಲ್ಲಿ ಜನರೇಟರ್ ಓವರ್‌ವೋಲ್ಟೇಜ್ ಎಂದು ನಿಂತರೆ ಯುಪಿಎಸ್‌ನ ಇನ್‌ಪುಟ್ ಫಿಲ್ಟರ್ ಕೆಪಾಸಿಟರ್ ಕಾರಣವಿರಬಹುದು. ಕೆಪಾಸಿಟರ್ ಲೋಡ್ ಆಲ್ಟರ್ನೇಟರಿನ ವೋಲ್ಟೇಜನ್ನು ತಾನೇ ಎತ್ತುತ್ತದೆ, ಎವಿಆರ್ ಎಷ್ಟು ಇಳಿಸಿದರೂ ಹಿಡಿತಕ್ಕೆ ಸಿಗುವುದಿಲ್ಲ. ಮೊದಲು ಬೇರೆ ಲೋಡ್ ಹಾಕಿ ಆಮೇಲೆ ಯುಪಿಎಸ್ ಜೋಡಿಸಿ, ಇಲ್ಲವೇ ಹಗುರ ಲೋಡಿನಲ್ಲಿ ಫಿಲ್ಟರ್ ಬಿಡಿಸುವ ಕಾಂಟ್ಯಾಕ್ಟರ್ ಹಾಕಿಸಿ.

ಅಲೆ ಕೆಟ್ಟಿದೆ ಎಂದು ಸ್ಟೆಬಿಲೈಸರ್ ಕೊಳ್ಳುವವರಿದ್ದಾರೆ. ಸ್ಟೆಬಿಲೈಸರ್ ಎತ್ತರವನ್ನು, ಸ್ಪೈಕ್ ಗಾರ್ಡ್ ಕ್ಷಣಿಕ ಏರಿಕೆಯನ್ನು ತಡೆಯುತ್ತದೆ. ಆಕಾರ ತಿದ್ದುವುದು ಎರಡಕ್ಕೂ ಆಗದು. ಫೆರೋರೆಸೊನೆಂಟ್ ಟ್ರಾನ್ಸ್‌ಫಾರ್ಮರ್ ಆಕಾರವನ್ನೂ ತಿದ್ದುತ್ತದೆ ನಿಜ, ಆದರೆ ಫ್ರೀಕ್ವೆನ್ಸಿ ಶೇ 1 ಸರಿದರೆ ಅದರ ವೋಲ್ಟೇಜ್ ಶೇ ಒಂದೂವರೆಯಷ್ಟು ಸರಿಯುವುದರಿಂದ ಯಾಂತ್ರಿಕ ಗವರ್ನರಿನ ಜನರೇಟರಿಗೆ ಹೊಂದುವುದಿಲ್ಲ.

ಕೊಳ್ಳುವ ಮುನ್ನ ಅಳೆಯುವುದು

ಟ್ರೂ ಆರ್‌ಎಂಎಸ್ ಮೀಟರ್ ಇಲ್ಲದೆ ಈ ಕೆಲಸ ಬೇಡ. ಸಾಧಾರಣ ಮೀಟರ್ ಸರಾಸರಿಯನ್ನು ಅಳೆದು 1.11ರಿಂದ ಗುಣಿಸಿ ತೋರಿಸುತ್ತದೆ, ಈ ಗುಣಕ ಸೈನ್ ಅಲೆಗೆ ಮಾತ್ರ ಸರಿ. 5 ಮಿಲಿಸೆಕೆಂಡ್ ಪಲ್ಸಿನ ಮಾಡಿಫೈಡ್ ಸೈನ್ ನಿಜವಾಗಿ 230 ಇದ್ದಾಗ ಅದು 180 ಎನ್ನುತ್ತದೆ. ಚೌಕ ಅಲೆಯನ್ನು ಶೇ 11 ಹೆಚ್ಚು ತೋರಿಸುತ್ತದೆ. ಆ 180ನ್ನು ನಂಬಿ ಇನ್ವರ್ಟರಿನ ಒಳಗಿನ ಪ್ರಿಸೆಟ್ (ವೋಲ್ಟೇಜ್ ಹೊಂದಿಸುವ ತಿರುಪು) ತಿರುಗಿಸಿ 230 ಮಾಡಿದವರು ಉಪಕರಣಕ್ಕೆ 230ಕ್ಕಿಂತ ಬಹಳ ಹೆಚ್ಚು ವೋಲ್ಟ್ ಕೊಟ್ಟಿರುತ್ತಾರೆ. ಎರಡೂ ಬಗೆಯ ಮೀಟರ್ ಕೈಯಲ್ಲಿದ್ದರೆ ಅದೇ ಒಂದು ಪರೀಕ್ಷೆ: ಎರಡೂ ಒಂದೇ ಅಂಕಿ ತೋರಿಸಿದರೆ ಅಲೆ ಸೈನಿಗೆ ಹತ್ತಿರ, ಬಹಳ ಬೇರೆಯಾದರೆ ಖಂಡಿತ ಅಲ್ಲ.

ಪೀಕ್ ಹಿಡಿಯುವ ಮೀಟರ್ ಇದ್ದರೆ ನೆತ್ತಿಯನ್ನು ಆರ್‌ಎಂಎಸ್‌ನಿಂದ ಭಾಗಿಸಿ. 1.41ರ ಆಸುಪಾಸು ಇರಬೇಕು. 1.35ಕ್ಕಿಂತ ಕಡಿಮೆ ಬಂದರೆ ನೆತ್ತಿ ಚಪ್ಪಟೆ, 1.5 ದಾಟಿದರೆ ಚೂಪು. ಈ ಅಳತೆಯನ್ನು ಖಾಲಿ, ಅರ್ಧ ಲೋಡ್, ಪೂರ್ತಿ ಲೋಡ್ ಹೀಗೆ ಮೂರು ಸಲ ಮಾಡಿ, ನಾಲ್ಕನೆಯ ಸಲ ನಿಮ್ಮದೇ ಕಂಪ್ಯೂಟರ್ ಮತ್ತು ದೀಪಗಳನ್ನು ಹಾಕಿ ಮಾಡಿ. ಅಂಗಡಿಯಲ್ಲಿ ಒಂದು ಬಲ್ಬು ಹಾಕಿ ತೋರಿಸಿದ ಅಲೆಗೆ ಬೆಲೆಯಿಲ್ಲ. ಮೀಟರಿನ ಫ್ರೀಕ್ವೆನ್ಸಿ ಅಂಕಿ 150, 250 ಎಂದು ಜಿಗಿಯುತ್ತಿದ್ದರೆ ಮೀಟರ್ ಕೆಟ್ಟಿಲ್ಲ, ಅಲೆ ಸೊನ್ನೆಯನ್ನು ಹಲವು ಸಲ ದಾಟುತ್ತಿದೆ.

ಆಸಿಲೋಸ್ಕೋಪ್ ಬಳಸುವವರು ಪ್ರೋಬಿನ ನೆಲದ ಕ್ಲಿಪ್ಪನ್ನು ಎಸಿಯ ಯಾವ ತಂತಿಗೂ ಸಿಕ್ಕಿಸಬಾರದು. ಆ ಕ್ಲಿಪ್ ಸ್ಕೋಪಿನ ಅರ್ಥಿಗೆ ನೇರ ಸೇರಿರುತ್ತದೆ. ಸ್ಕೋಪಿನ ಅರ್ಥ್ ಪಿನ್ ಕಿತ್ತು ಬಳಸುವುದು ಇನ್ನೂ ಅಪಾಯ, ಇಡೀ ಲೋಹದ ಮೈಯಲ್ಲಿ ಕರೆಂಟ್ ಬರುತ್ತದೆ. ತಕ್ಕ ವೋಲ್ಟೇಜಿನ ಡಿಫರೆನ್ಷಿಯಲ್ ಪ್ರೋಬ್ ಬಳಸಿ. ಅದಿಲ್ಲದಿದ್ದರೆ 9 ವೋಲ್ಟ್ ಕೊಡುವ ಚಿಕ್ಕ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯನ್ನು ನೋಡಿದರೂ ಆಕಾರ ಸಾಕಷ್ಟು ತಿಳಿಯುತ್ತದೆ, ಅತಿ ಸಣ್ಣ ಮುಳ್ಳುಗಳು ಮಾತ್ರ ಕಾಣುವುದಿಲ್ಲ.

ಯಾರಿಗೆ ಯಾವುದು

ದೀಪ, ಫ್ಯಾನ್, ರೂಟರ್, ಲ್ಯಾಪ್‌ಟಾಪ್ ಇರುವ ಮನೆಗೆ ಶುದ್ಧ ಸೈನ್ ಇನ್ವರ್ಟರ್. ಮಾಡಿಫೈಡ್ ಸೈನಿನಲ್ಲಿ ಉಳಿಸಿದ ಹಣ ದೀಪ ಮತ್ತು ಕೆಪಾಸಿಟರ್ ಬದಲಿಸುವುದರಲ್ಲಿ ಹೋಗುತ್ತದೆ. ಫ್ರಿಜ್ ಸೇರಿದರೆ ಟ್ರಾನ್ಸ್‌ಫಾರ್ಮರ್ ಬಗೆಯದನ್ನೇ ಆರಿಸಿ. ಬಹಳ ಹೊತ್ತು ಕರೆಂಟ್ ಹೋಗುವ ಕಡೆ ಅದರ ಬೆನ್ನಿಗೆ ಇನ್ವರ್ಟರ್ ಜನರೇಟರ್. ವೆಲ್ಡಿಂಗ್, ಪಂಪ್, ಗರಗಸ ನಡೆಸುವ ಕೆಲಸದ ಜಾಗಕ್ಕೆ ಎವಿಆರ್ ಇರುವ ಸಾದಾ ಜನರೇಟರ್ ಗಟ್ಟಿ ಆಯ್ಕೆ, ಅಲ್ಲಿ ಅಲೆಗಿಂತ ಹೊರಡುವ ಬಲ ಮುಖ್ಯ. ಸರ್ವರ್ ಮತ್ತು ಅಳತೆ ಉಪಕರಣಗಳಿಗೆ ವಿಎಫ್‌ಐ-ಎಸ್‌ಎಸ್ ಯುಪಿಎಸ್, ಹಿಂದೆ ಜಿ3 ದರ್ಜೆಯ ಡೀಸೆಲ್ ಸೆಟ್. ಲೇಸರ್ ಪ್ರಿಂಟರನ್ನು ಚಿಕ್ಕ ಯುಪಿಎಸ್ ಮೇಲೆ ಹಾಕಲೇಬೇಡಿ, ಅದರ ರೋಲರ್ ಕಾಯುವಾಗ ಎಳೆಯುವ ಕರೆಂಟಿಗೆ ಯುಪಿಎಸ್ ಬೀಳುತ್ತದೆ.

ಯಾವುದನ್ನೇ ತಂದರೂ ಕಟ್ಟಡದ ವೈರಿಂಗಿಗೆ ಚೇಂಜ್‌ಓವರ್ ಸ್ವಿಚ್ ಮೂಲಕವೇ ಜೋಡಿಸಿ. ಹಿಮ್ಮುಖವಾಗಿ ಲೈನಿಗೆ ಹರಿದ ಕರೆಂಟ್ ಕಂಬದ ಮೇಲಿರುವವರ ಜೀವ ತೆಗೆಯುತ್ತದೆ. ಚಿಕ್ಕ ಜನರೇಟರುಗಳಲ್ಲಿ ನ್ಯೂಟ್ರಲ್ ಅರ್ಥಿಗೆ ಸೇರಿರುವುದಿಲ್ಲ, ಆ ಸ್ಥಿತಿಯಲ್ಲಿ ಲೀಕೇಜ್ ಬ್ರೇಕರ್ ಕೆಲಸ ಮಾಡದೆ ಇರಬಹುದು. ಈ ಜೋಡಣೆಯನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಈಗಾಗಲೇ ಕೆಟ್ಟ ಅಲೆಯ ಯಂತ್ರ ಮನೆಯಲ್ಲಿದ್ದು ಬದಲಿಸಲು ಆಗದಿದ್ದರೆ, ಲೋಡುಗಳನ್ನು ಬೇರ್ಪಡಿಸಿ. ಆ ಸರ್ಕ್ಯೂಟಿನಿಂದ ಡಿಮ್ಮರ್, ಟೈಮರ್, ಕೆಪಾಸಿಟರ್ ಡ್ರಾಪರಿನ ದೀಪಗಳನ್ನು ತೆಗೆದು ಒಳ್ಳೆಯ ಡ್ರೈವರ್ ಇರುವ ದೀಪ ಹಾಕಿ. ಫ್ರಿಜ್ಜನ್ನು ಕರೆಂಟ್ ಬರುವವರೆಗೆ ಮುಚ್ಚಿಯೇ ಇಡಿ. ಜನರೇಟರ್ ಆದರೆ ಕಂಪ್ಯೂಟರುಗಳ ಜೊತೆಗೆ ಒಂದು ಹೀಟರನ್ನೂ ಓಡಿಸಿ ನೋಡಿ: ಚೂಪು ಲೋಡಿನ ಪಾಲು ತಗ್ಗುತ್ತದೆ, ಹಗುರ ಲೋಡಿನಲ್ಲಿ ತಡವರಿಸುತ್ತಿದ್ದ ಗವರ್ನರ್ ಸಮನಾಗುತ್ತದೆ, ಒಪ್ಪದೆ ಇದ್ದ ಯುಪಿಎಸ್ ಅನೇಕ ಸಲ ಅಷ್ಟಕ್ಕೇ ಒಪ್ಪಿಕೊಳ್ಳುತ್ತದೆ.